ಸೋಮವಾರ ಬದಲಾದ ಎರಡು ಸಾಲು

"ಕಂಪ್ಯೂಟರಿನ ಹಸರ ಚುಕ್ಕಿ ತೋರಸ್ತಿ ನನಗ? ಆ ಹಸರನ್ನ ಒಯ್ದು ಹೊಳಿಗೆ ಒಗಿ! ನನ್ನ ತಮ್ಮ ಹನ್ನೊಂದು ದಿನದಿಂದ ಮಷಿನ್ನಿನ ಮ್ಯಾಲ ಉಸರಾಡಾಕತ್ತಾನ!"

ಪುಂಡಲೀಕ ಮೇಜಿಗೆ ಗುದ್ದಿದ ಹೊಡೆತಕ್ಕೆ ಚಹಾದ ಲೋಟ ಉರುಳಿ ಮಧುಮತಿಯ ಸೀರೆಯ ಮೇಲೆ ಚೆಲ್ಲಿತು. ಅವಳು ಒರೆಸಿಕೊಳ್ಳಲಿಲ್ಲ.

"ನೀವ ಕೇಳಿದ್ರಿ ಅಣ್ಣಾ, ಅವತ್ತ ಮುಂಜಾನೆ ಟೆಸ್ಟ್ ಏನ್ ಹೇಳ್ತು ಅಂತ. ಅದಕ್ಕ ತೋರಿಸಿದೆ."

"ಅಣ್ಣಾ ಅನಬ್ಯಾಡ! ದವಾಖಾನ್ಯಾಗ ಹನ್ನೆರಡು ಸೀಸೆ ಹಾವಿನ ಔಷಧ ಐತಿ ಅಂತ ಫೋನಿನಾಗಿನ ನಿನ್ನ ನಂಜುದಾರಿ ಹೇಳ್ತು. ನಾಗರಹಾವು ಕಡದವನ್ನ ಮಡಿಲಾಗ ಹಾಕ್ಕೊಂಡು ಕಾಡಿನಾಗ ಮೂವತ್ತು ಕಿಲೋಮೀಟರ್ ಹೋದ್ವಿ. ಅಲ್ಲಿ ಒಂದ ಸೀಸೆ ಇಲ್ಲ! ಮುಗದು ಹತ್ತು ದಿನ ಆತು, ಪಟ್ಟಿಯೊಳಗ ಸೊನ್ನಿ ಬರದೇನಿ ಅಂದ್ಲು ಆ ನರ್ಸ್‌ಬಾಯಿ. ಆಕಿ ಬರದದ್ದು ಸೊನ್ನಿ, ನೀ ತೋರಿಸಿದ್ದು ಹನ್ನೆರಡು! ಎಲ್ಲಿಂದ ಹುಟ್ಟಿದ್ವು ಆ ಹನ್ನೆರಡು?"

ಹೀಗೆಂದವನೇ ಕಂಪ್ಯೂಟರನ್ನು ಎರಡೂ ಕೈಯಿಂದ ಎತ್ತಿದ. ನಾನು ಅವನ ಮಣಿಕಟ್ಟು ಹಿಡಿದೆ. ನನ್ನದೂ ಒಳ್ಳೆಯ ಸ್ವಭಾವವಲ್ಲ.

"ಕೆಳಗ ಇಡು ಮಗನ. ಅದನ್ನ ಒಡದ್ರ ಹನ್ನೆರಡು ಎಲ್ಲಿಂದ ಬಂತು ಅನ್ನೂದು ನಿನಗೂ ಗೊತ್ತಾಗಂಗಿಲ್ಲ, ನನಗೂ ಗೊತ್ತಾಗಂಗಿಲ್ಲ. ಇಡ್ತಿಯೋ, ಕಪಾಳಕ್ಕ ಕೊಡ್ಲೋ?"

"ನೀ ಯಾಂವ?"

"ಪರಸಪ್ಪ. ಮೊದಲ ಬಸ್ಸಿನಾಗ ಚೆಕಿಂಗ್ ಇದ್ದೆ. ಈಗ ಮಂದಿಯ ಸುಳ್ಳು ಚೆಕ್ ಮಾಡ್ತೇನಿ."

ಅವನು ಕಂಪ್ಯೂಟರ್ ಇಟ್ಟ. ಅನಮೋಡದ ಲಾರಿ ಡ್ರೈವರ್. ಅವನ ತಮ್ಮ ಲೋಕೇಶ ಘಟ್ಟದ ಕೆಳಗೆ ಗೋವಾದ ಆಸ್ಪತ್ರೆಯಲ್ಲಿ ಮಲಗಿದ್ದ. ಕಣ್ಣು ತೆರೆದಿರಲಿಲ್ಲ.

ಮಧುಮತಿ ಎದ್ದು ನಿಂತಳು. "ನಾಳೆ ಹತ್ತಕ್ಕ ದವಾಖಾನಿ ನಡಸೂ ಟ್ರಸ್ಟಿನ ಮೀಟಿಂಗ್ ಐತಿ. ತಪ್ಪು ನಂದ ಅಂತ ಬರದು ಕೊಟ್ಟು ನಂಜುದಾರಿ ಮುಚ್ಚಿಬಿಡ್ತೇನಿ. ಅದಕ್ಕಿಂತ ಹೆಚ್ಚಿಂದು ನನ್ನ ಕೈಯಾಗಿಲ್ಲ."

ಪುಂಡಲೀಕ ಅವಳನ್ನು ದಿಟ್ಟಿಸಿದ. ಮತ್ತೆ ಬೈಯುತ್ತಾನೆಂದು ನಾನು ಮುಂದೆ ಸರಿದೆ. ಬೈದ, ಆದರೆ ನಾನು ಎಣಿಸಿದ ಬೈಗುಳ ಅಲ್ಲ.

"ಮುಚ್ಚು ಅಂತ ಯಾಂವ ಅಂದ ನಿನಗ? ಹೋದ ವರ್ಷ ನಮ್ಮವ್ವನ ಉಳಿಸಿದ್ದು ಅದ. ನಮ್ಮ ಓಣ್ಯಾಗ ಇನ್ನೂ ಮೂರು ಮಂದಿ ಅದರಿಂದ ಬದಕ್ಯಾರ. ಇಲ್ಲಿ ಬಂದಾಗ ನಿನ್ನ ಕಾಲಿಗೆ ಬೀಳಬೇಕಂತಿದ್ಲು ನಮ್ಮವ್ವ. ಈಗ ನಾ ಬಂದೇನಿ, ಹಿಂಗ." ಬಾಗಿಲ ಕಡೆ ಹೊರಟವನು ತಿರುಗಿ ನಿಂತ. "ಮುಚ್ಚಬ್ಯಾಡ. ಕೆಡಿಸಿದವನ ಹೆಸರು ಹೇಳು. ಅಷ್ಟ ಸಾಕು ನನಗ."

ಮೆಟ್ಟಿಲಿಳಿದು ದಾಂಡೇಲಿ ಸ್ಟ್ಯಾಂಡಿಗೆ, ಗೋವಾ ಬಸ್ಸಿಗೆ ಹೋದ.

ಆ ಮನುಷ್ಯನ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಅವನ ಅವ್ವನಂತೆಯೇ ನನ್ನ ಹೆಂಡತಿ ಸತ್ತೆವ್ವನೂ ಇದರಿಂದ ಉಳಿದವಳು. ಹೋದ ಸುಗ್ಗಿಯಲ್ಲಿ ತವರಾದ ಮುಂಡಗೋಡದ ಬದಿಯ ಇಂದೂರಿನ ಗೋವಿನಜೋಳದ ಹೊಲದಲ್ಲಿ ಅವಳಿಗೆ ಕೊಳಕಮಂಡಲ ಹಾವು ಕಚ್ಚಿತು. ಯಾವ ದವಾಖಾನೆಗೆ ಓಡಬೇಕು, ಎಲ್ಲಿ ಔಷಧವಿದೆ, ಯಾವ ದಾರಿ ಹತ್ತಿರ ಎಂದು ಹೇಳಿದ್ದು ಈ ನಂಜುದಾರಿ. ಹಳಿಯಾಳದ ಕಾಲೇಜಿನಲ್ಲಿ ಗಣಿತ ಕಲಿಸುವ ಈ ಹುಡುಗಿ ತನ್ನ ರಜೆಗಳನ್ನೆಲ್ಲ ಸುರಿದು ಅದನ್ನು ಬರೆದಿದ್ದಾಳೆ. ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿಕೊಳ್ಳಿ ಎಂದು ಜಗತ್ತಿಗೆ ಪುಕ್ಕಟೆ ಬಿಟ್ಟಿದ್ದಾಳೆ. ಅಸ್ಸಾಮಿನ ಒಬ್ಬ ಡಾಕ್ಟರ್ ಅದನ್ನು ತನ್ನ ಜಿಲ್ಲೆಗೆ ಹೊಂದಿಸಿಕೊಂಡಿದ್ದಾನಂತೆ. ನಾಳೆ ಇದು ಮುಚ್ಚಿದರೆ ಅಲ್ಲಿಯೂ ಯಾರದೋ ಹೆಂಡತಿ ದಾರಿ ತಪ್ಪುತ್ತಾಳೆ.

"ಕೂಡು," ಎಂದೆ. "ನನಗ, ಬರೇ ಏಳನೇ ಕ್ಲಾಸು ಓದಿದವಂಗ, ತಿಳಿಯೂಹಂಗ ಹೇಳು. ಹನ್ನೆರಡು ಹೆಂಗ ಬಂತು?"

"ಅದು ರಾತ್ರಿ ಗೊತ್ತಾತು ಕಾಕಾ. ನಂಜುದಾರಿಗೆ ಸ್ವಂತ ಏನೂ ಗೊತ್ತಿಲ್ಲ. ಔಷಧ ಎಷ್ಟೈತಿ ಅಂತ ಟ್ರಸ್ಟಿನ ಪಟ್ಟಿಗೆ ಕೇಳ್ತೈತಿ. ದಾರಿ ನಕಾಶೆಯವರಿಗೆ ಕೇಳ್ತೈತಿ. ಎಲ್ಲಾ ಹೊರಗಿನವರು ಹೇಳಿದ್ದನ್ನ ಕೂಡಿಸಿ ಹೇಳ್ತೈತಿ. ಶ್ರಾವಣದಾಗ ಟ್ರಸ್ಟಿನವರು ಪಟ್ಟಿಯ ರೂಪ ಬದಲಿಸ್ಯಾರ. ನಡುವ ಹೊಸಾ ಒಂದು ಕಾಲಂ ಹಾಕ್ಯಾರ, ಔಷಧದ ಅವಧಿ ಯಾವಾಗ ಮುಗೀತೈತಿ ಅಂತ. ನಂಜುದಾರಿಗೆ ಹೊಸಾ ಪಟ್ಟಿ ಓದಾಕ ಬರಲಿಲ್ಲ. ಕೊನಿಗೆ ಓದಿದ್ದ ಹಳೇ ಪಟ್ಟೀನ ಹಿಡ್ಕೊಂಡು ಕೂತೈತಿ."

"ಟೈಮ್ ಬದಲಾದ್ರೂ ಸ್ಟ್ಯಾಂಡಿನಾಗ ಹಳೇ ಬೋರ್ಡ್ ತೂಗಹಾಕಿದಂಗ."

"ಹಂಗ. ಇದು ಆಗಬಾರದಂತನ ದಿನಾ ಮುಂಜಾನೆ ಆರಕ್ಕ ತಾನ ನಡಿಯೂ ಟೆಸ್ಟ್ ಇಟ್ಟೇನಿ. ಎಂಬತ್ತನಾಲ್ಕು ಪ್ರಶ್ನೆ. ಯಾವುದೊಂದು ತಪ್ಪಿದ್ರೂ ಕೆಂಪು. ಕೆಂಪಾತಂದ್ರ ಫೋನಿನಾಗ ನಂಜುದಾರಿ ಬಂದ್, ನಾವ ಇಪ್ಪತ್ತಾರು ದವಾಖಾನಿಗೆ ಫೋನ್ ಹಚ್ಚಿ ಕೈಲೆ ಬರಕೋತೇವಿ. ಆದ್ರ ಕೆಂಪು ಆಗಲೇ ಇಲ್ಲಲ್ಲ!"

ಪರದೆಯ ಮೇಲೆ ತಿಂಗಳುಗಳ ದಾಖಲೆ ಇತ್ತು. ದಿನಕ್ಕೊಂದು ಚುಕ್ಕಿ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದೆ. ಜೂನ್‌ನಲ್ಲಿ ಅರ್ಧಕ್ಕರ್ಧ ಕೆಂಪು. ಜುಲೈಯಲ್ಲಿ ಇನ್ನೂ ಹೆಚ್ಚು.

"ಈ ಕೆಂಪು ಯಾಕ?"

"ಮಳಿ. ನೆಟ್‌ವರ್ಕ್ ಇರಂಗಿಲ್ಲ. ಹೊರಗ ಹೋಗಿ ಕೇಳೂ ಪ್ರಶ್ನೆ ಹೋಗಂಗ ಇಲ್ಲ, ಅದಕ್ಕ ಕೆಂಪು. ಟ್ರಸ್ಟಿನವರು ನಗತಿದ್ರು. ಮಧುಮತಿ, ನಿನ್ನ ಮಷಿನ್ ಮುಟ್ಟಾಗೇತೇನ ಅಂತ ಒಬ್ಬರು ಮೀಟಿಂಗಿನ್ಯಾಗ ಅಂದ್ರು."

ಅಂದವನ ಹೆಸರು ಅವಳು ಹೇಳಲಿಲ್ಲ. ನಾನು ಪರದೆಯತ್ತ ತಿರುಗಿದೆ. ಶ್ರಾವಣದ ಎರಡನೇ ಸೋಮವಾರದ ಆಚೆ ಕೆಂಪು ತೀರ ಕಡಿಮೆಯಾಗಿತ್ತು. ಮೂರನೇ ಸೋಮವಾರದ ಆಚೆ ಒಂದೂ ಇರಲಿಲ್ಲ. ಸಾಲಾಗಿ ಹಸಿರು.

ಇಪ್ಪತ್ತೆರಡು ವರ್ಷ ನಾನು ಬಸ್ಸು ಹತ್ತಿ ಇಳಿದವನು. ಮಳೆಗಾಲದಲ್ಲಿ ಒಂದು ದಿನವೂ ತಡವಾಗದ ಬಸ್ಸು ಕಂಡರೆ ನಾನು ಡ್ರೈವರನನ್ನು ಹೊಗಳುತ್ತಿರಲಿಲ್ಲ. ಕಂಡಕ್ಟರನ ಟಿಕೆಟ್ ಲೆಕ್ಕದ ಹಾಳೆ, ವೇ ಬಿಲ್ ಕೇಳುತ್ತಿದ್ದೆ. ಅಂಥ ಬಸ್ಸು ಡಿಪೋದಿಂದ ಹೊರಟೇ ಇರುವುದಿಲ್ಲ.

"ಚೌತಿ ಹಿಂದಿನ ದಿನದ್ದು ತೆಗಿ."

ತೆಗೆದಳು. ಹಸಿರು.

"ಅವತ್ತ ದಾಂಡೇಲಿಗೆ ದಾಂಡೇಲೀನ ಕತ್ತಲಾಗಿತ್ತು. ಗಣಪತಿ ತರಾಕ ಹೋದ ಮಂದೀಗೆ ಫೋನ್ ಹಚ್ಚಿದ್ರ ಯಾರಿಗೂ ಹತ್ತಲಿಲ್ಲ. ನಿನ್ನ ಮಷಿನ್ ಹೆಂಗ ನಡೀತು?"

"ಬ್ಯಾಟರಿ ಐತಿ ಕಾಕಾ."

"ಮಷಿನ್ನಿಗೆ ಬ್ಯಾಟರಿ. ನೆಟ್‌ವರ್ಕಿಗೆ?"

ಅವಳು ಕೀಬೋರ್ಡ್ ಎಳೆದುಕೊಂಡಳು. ಪಟಪಟನೆ ಏನೋ ಒತ್ತಿದಳು. ಪ್ರತಿ ಪ್ರಶ್ನೆಯ ಎದುರು ಅದು ತೆಗೆದುಕೊಂಡ ಹೊತ್ತು ಬಂತು. ಜುಲೈಯಲ್ಲಿ ಪಟ್ಟಿಗೆ ಹೋಗಿ ಕೇಳಿ ಬರಲು ಎರಡು ಸೆಕೆಂಡು, ಕೆಲವೊಮ್ಮೆ ಮೂರು. ಆಮೇಲಿನ ದಿನಗಳಲ್ಲಿ ಸೆಕೆಂಡಿನ ನೂರರಲ್ಲಿ ಒಂದು ಪಾಲು. ದಿನವೂ ಅಷ್ಟೇ.

"ಅನಮೋಡಕ್ಕ ಹೋಗಿ ತಿರುಗಿ ಬರಾಕ ಬಸ್ಸಿಗೆ ಎರಡು ನಿಮಿಷ ಸಾಕೇನ?" ಎಂದೆ. "ಇದು ಹೊರಗ ಹೋಗೇ ಇಲ್ಲ, ಮಗಳ."

"ಬದಲಿ ಆಳು ಕೂರಿಸ್ಯಾರ!" ಮಧುಮತಿ ಪರದೆಯ ಮೇಲೆ ಬೆರಳಿಟ್ಟಳು. "ಟ್ರಸ್ಟಿನ ಹಳೇ ಪಟ್ಟಿಯ ಒಂದು ಪ್ರತಿ ಇಲ್ಲೇ ಇಟ್ಟು ಅದಕ್ಕ ಕೇಳಸಾಕತ್ತಾರ. ಅದು ಯಾವಾಗ್ಲೂ ಸರಿ ಉತ್ತರಾನ ಕೊಡ್ತೈತಿ."

"ಇದು ಕಳ್ಳತನ ಹೌದಲ್ಲ?"

"ಬದಲಿ ಕೂರಿಸೂದು ತಪ್ಪಲ್ಲ. ಎಲ್ಲಾರೂ ಮಾಡ್ತಾರ. ಹೊರಗಿನವರ ನೆಟ್‌ವರ್ಕ್ ಕೆಟ್ಟರ ನಮ್ಮ ಟೆಸ್ಟ್ ಯಾಕ ಸಾಯಬೇಕು? ಆದ್ರ ದಿನಕ್ಕ ಒಂದರ ಪ್ರಶ್ನೆ ಖರೇನ ಹೊರಗ ಹೋಗಬೇಕು. ಅಲ್ಲಿಯವರು ಬದಲಾಗ್ಯಾರೇನ ಅಂತ ನೋಡಾಕ. ಆ ಒಂದು ಪ್ರಶ್ನೆ ನಾನ ಬರದು ಇಟ್ಟಿದ್ದೆ."

ಹುಡುಕಿದಳು. ಆ ಪ್ರಶ್ನೆ ಅಲ್ಲಿರಲಿಲ್ಲ.

ಸಾಫ್ಟ್‌ವೇರಿನಲ್ಲಿ ಒಂದು ಒಳ್ಳೆಯದಿದೆ. ಯಾರು ಯಾವ ಸಾಲು ಯಾವಾಗ ಬದಲಿಸಿದರು ಎಂಬುದು ಅಳಿಯದಂತೆ ಉಳಿಯುತ್ತದೆ. ಎರಡನೇ ಸೋಮವಾರ ಹನ್ನೊಂದು ಇಪ್ಪತ್ತಕ್ಕೆ ಒಂದು ಸಾಲು ಸೇರಿತ್ತು, ಬದಲಿ ಆಳಿನದು. ಪಕ್ಕದಲ್ಲಿ ಟಿಪ್ಪಣಿ: ಮಳೆಗಾಲ ಮುಗಿದ ಮೇಲೆ ತೆಗೆಯಬೇಕು. ಮೂರನೇ ಸೋಮವಾರ ಹನ್ನೊಂದೂವರೆಗೆ ಒಂದು ಸಾಲು ಹೋಗಿತ್ತು, ಹೊರಗೆ ಹೋಗುವ ಆ ಒಂದೇ ಪ್ರಶ್ನೆಯದು. ಟಿಪ್ಪಣಿ ಇರಲಿಲ್ಲ.

ಎರಡರ ಎದುರೂ ಒಂದೇ ಹೆಸರು: ಮಧುಮತಿ.

"ಇದನ್ನ ನಾ ಮಾಡಿಲ್ಲ ಕಾಕಾ," ಎಂದಳು. "ನನ್ನ ಹೆಸರಿನ್ಯಾಗ ಐತಿ. ಯಾರ ನಂಬ್ತಾರ?"

"ಸೋಮವಾರ ನೀ ಮಷಿನ್ ಮುಟ್ಟತಿ?"

"ಇಲ್ಲ."

ಗೊತ್ತಿದ್ದೂ ಕೇಳಿದೆ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಶಿವನ ವಾರ, ಬಸವಣ್ಣನಿಗೆ ರಜೆ. ಹುಡುಗಿ ಹೊಲ ಬಿಟ್ಟು ಕಂಪ್ಯೂಟರಿಗೆ ಬಂದರೂ ಅದನ್ನು ಬಿಟ್ಟಿರಲಿಲ್ಲ. ಶ್ರಾವಣದ ನಾಲ್ಕೂ ಸೋಮವಾರ ಅವ್ವನ ಜೊತೆ ಉಳವಿಗೆ ಹೋಗಿದ್ದಳು. ಇಡೀ ಟ್ರಸ್ಟಿಗೆ ಇದು ಗೊತ್ತು. ಅಂದರೆ ಸೋಮವಾರ ಈ ಕೋಣೆ ಖಾಲಿ ಎಂಬುದೂ ಗೊತ್ತು.

"ನಿನ್ನ ಹೆಸರಿಲೆ ಒಳಗ ಹೋಗೂ ಗುಟ್ಟಿನ ಪದ ಎಲ್ಲಿಟ್ಟಿ?"

ಅವಳು ಗೋಡೆಯ ಕಡೆ ನೋಡಿದಳು. ಅಲ್ಲೊಂದು ಹಲಗೆ, ಅದರ ಮೇಲೆ ಲಿಂಗದ ಪಟ, ದೀಪ, ವಿಭೂತಿಯ ಡಬ್ಬಿ.

"ದೇವರ ಜಗಲಿ ಮ್ಯಾಲ? ಗುಟ್ಟಿನ ಪದಾನ?" ಎಂದು ಕೂಗಿದೆ.

"ಹೊಲದ ಕಾಗದ ಅಲ್ಲೇ ಇಡ್ತೀರಿ, ಮಾರ್ಕ್ಸ್‌ಕಾರ್ಡ್ ಅಲ್ಲೇ ಇಡ್ತೀರಿ. ಅಲ್ಲಿಂದ ಯಾರರ ತಗೋತಾರೇನ್ರಿ ಕಾಕಾ?"

ಬೈಯಲು ಬಾಯಿ ತೆರೆದೆ. ನನ್ನ ಪೆನ್ಶನ್ ಪುಸ್ತಕವೂ ನಮ್ಮ ಮನೆಯ ಜಗಲಿಯ ಮೇಲೆಯೇ ಇದೆ. ಬಾಯಿ ಮುಚ್ಚಿದೆ.

ಮಧ್ಯಾಹ್ನ ಸತ್ತೆವ್ವ ರೊಟ್ಟಿ ಗಂಟು ತಂದಳು. ಅವಳ ಹಿಂದೆಯೇ ಹಳಿಯಾಳದ ಬಸ್ಸಿಳಿದು ಶರಣಬಸವ ಬಂದ. ಕರೆಸಿದ್ದು ನಾನೇ. ಮೂವತ್ತೈದರ ಆಸಾಮಿ, ಮಧುಮತಿಯ ಕಾಲೇಜಿನಲ್ಲಿ ಗಂಟೆ ಬಾರಿಸುತ್ತಿದ್ದವನು. ಅವಳು ಕೂರಿಸಿಕೊಂಡು ಕಂಪ್ಯೂಟರ್ ಕಲಿಸಿದಳು. ಈಗ ಅದೇ ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತಾನೆ. ನಂಜುದಾರಿಯ ಟೆಸ್ಟ್ ದಿನಾ ಓಡಿತೋ ಇಲ್ಲವೋ ನೋಡುವುದು ಅವನ ಪಾಲಿನ ಸೇವೆ.

ಟಿಕೆಟ್ ಇಲ್ಲದವನು ಚೆಕಿಂಗಿನವನ ಮುಖ ನೋಡುವುದಿಲ್ಲ. ಶರಣಬಸವ ನೆಲ ನೋಡುತ್ತ ನಿಂತ.

"ಬದಲಿ ಆಳು ಕೂರಿಸಿದವ ಯಾರ?" ಎಂದೆ.

"ನಾನ."

ಇಷ್ಟು ಬೇಗ ಒಪ್ಪಿಕೊಂಡರೆ ನನಗೆ ಇನ್ನೂ ಸಿಟ್ಟು ಬರುತ್ತದೆ.

"ನಾಚಿಕಿ ಆಗಲಿಲ್ಲ? ಅನ್ನ ಹಾಕಿದ ಕೈ ಇದು!"

"ಅದಕ್ಕ ಮಾಡಿದೆ ಕಾಕಾ!" ಮೊದಲ ಸಲ ತಲೆ ಎತ್ತಿದ. "ನಾ ಬರೇ ಗಂಟಿ ಹೊಡಿಯಾಂವ. ಇವತ್ತ ನನ್ನ ಮಗಳು ನಮ್ಮಪ್ಪ ಕಂಪ್ಯೂಟರ್ ಸರ್ ಅಂತ ಹೇಳ್ತಾಳ. ಯಾರಿಂದ? ಈ ಅಕ್ಕನಿಂದ. ಮಳಿ ಬಂದು ಕೆಂಪಾದಾಗೆಲ್ಲ ಮೀಟಿಂಗಿನ್ಯಾಗ ಅಕ್ಕನ್ನ ಆಡ್ಕೋತಿದ್ರು. ಕೇಳಾಕ ಆಗಲಿಲ್ಲ. ಬದಲಿ ಕೂರಿಸಿದೆ. ಆದ್ರ ಆ ಒಂದು ಖರೇ ಪ್ರಶ್ನೆ ನಾ ಮುಟ್ಟಿಲ್ಲ. ನನ್ನ ಮಗಳ ಆಣಿ. ಅಕ್ಕ ಅದನ್ನ ನೂರು ಸಲ ಹೇಳ್ಯಾಳ, ಅದೊಂದು ಹೋದ್ರ ಟೆಸ್ಟ್ ಕುರುಡು ಅಂತ."

ಮಧುಮತಿ ಅವನನ್ನೇ ನೋಡುತ್ತಿದ್ದಳು. "ನನಗ ಹೇಳಬಾರದಿತ್ತ, ಶರಣು?"

"ನೀವು ಬ್ಯಾಡ ಅಂತಿದ್ರಿ ಅಕ್ಕಾ."

ಅವನು ಜೇಬಿನಿಂದ ಮಡಚಿದ ಕಾಗದ ತೆಗೆದ. "ಇನ್ನೊಂದು ನೋಡ್ರಿ ಕಾಕಾ. ಪಟ್ಟಿಯ ರೂಪ ಬದಲಾದದ್ದು ಮೂರನೇ ಸೋಮವಾರ ಆದಮ್ಯಾಲಿನ ಬುಧವಾರ. ಅದರ ಪತ್ರ ಹಿಂದಿನ ಶನಿವಾರನ ಟ್ರಸ್ಟಿನ ಕಮಿಟ್ಯಾಗ ಓದ್ಯಾರ. ಕಾರಕೂನ ಕಡೆ ನಿನ್ನೆ ಪ್ರತಿ ಇಸ್ಕೊಂಡೆ. ಅವತ್ತ ಏಳು ಮಂದಿ ಕೂತಿದ್ರು. ಅಕ್ಕಗ ಹೇಳ್ತೇನಿ ಅಂತ ಅದರಾಗ ಒಬ್ಬರು ಒಪ್ಪಿಕೊಂಡ್ರಂತ. ಯಾರು ಅನ್ನೂದು ಕಾರಕೂನಗ ನೆನಪಿಲ್ಲ."

"ನನಗ ಯಾರೂ ಹೇಳಲಿಲ್ಲ," ಎಂದಳು ಮಧುಮತಿ.

ನಾನು ಕಾಗದ ಎರಡು ಸಲ ಓದಿದೆ. ಶನಿವಾರ ಪತ್ರ. ಸೋಮವಾರ ಪ್ರಶ್ನೆ ಮಾಯ. ಬುಧವಾರ ಪಟ್ಟಿ ಬದಲು. ಬುಧವಾರದ ಮುಂಜಾನೆ ಕೆಂಪು ಬಂದೇ ಬರುತ್ತದೆ ಎಂದು ಮೊದಲೇ ತಿಳಿದವನು ಸೋಮವಾರವೇ ಟೆಸ್ಟಿನ ಕಣ್ಣು ಕಿತ್ತಿದ್ದಾನೆ. ಇದು ಪ್ರೀತಿಯಿಂದ ಮಾಡಿದ ಕೆಲಸವಲ್ಲ.

"ಗುಟ್ಟಿನ ಪದ ನಿನಗ ಎಲ್ಲಿಂದ ಸಿಕ್ತು?" ಎಂದು ಶರಣಬಸವನ ಕಡೆ ತಿರುಗಿದೆ. "ನೀ ಸೋಮವಾರ ಹಳಿಯಾಳದಾಗಿದ್ದಿ."

"ಸಿಕ್ತು."

"ದಾರ್ಯಾಗ ಬಿದ್ದ ಚಪ್ಪಲೇನ ಅದು, ಸಿಗಾಕ? ಕೊಟ್ಟವರು ಯಾರ? ನಿನಗ ಕೊಟ್ಟವರ ಆ ಎರಡನೇದವಗೂ ಕೊಟ್ಟಿರ್ತಾರ. ಬೊಗಳು!"

"ನನ್ನ ಬೈರಿ, ಹೊಡೀರಿ. ಅದೊಂದು ಕೇಳಬ್ಯಾಡ್ರಿ."

ಅವನ ಕೊರಳಪಟ್ಟಿ ನನ್ನ ಮುಷ್ಟಿಯಲ್ಲಿತ್ತು.

"ಅಂವನ್ನ ಬಿಡ್ರಿ. ಓದಿ ಹೇಳಿದಾಕಿ ನಾನು."

ಜಗಲಿಯ ಮುಂದೆ ಸತ್ತೆವ್ವ ನಿಂತಿದ್ದಳು. ಕೈಯಲ್ಲಿ ಇನ್ನೂ ಬಿಚ್ಚದ ರೊಟ್ಟಿ ಗಂಟು.

ಒಂದು ವರ್ಷದಿಂದ ಪ್ರತಿ ಸೋಮವಾರ ಅವಳು ಈ ಕೋಣೆಗೆ ಬಂದು ಕಸ ಹೊಡೆದು, ಜಗಲಿ ಒರೆಸಿ, ದೀಪ ಹಚ್ಚಿ ಹೋಗುತ್ತಾಳೆ. ನನ್ನ ಜೀವ ಉಳಿಸಿದ ಜಾಗ, ನಾ ಮತ್ತೇನ ಕೊಡಲಿ ಎಂದಿದ್ದಳು. ನಾನೇ ಹೆಮ್ಮೆಯಿಂದ ಹೂ ತಂದುಕೊಡುತ್ತಿದ್ದೆ.

"ಫೋನ್ ಬಂತು," ಎಂದಳು. "ಅಕ್ಕನ ಮರ್ಯಾದಿ ಉಳಿಸಬೇಕು ಕಾಕು, ವಿಭೂತಿ ಡಬ್ಬಿಯೊಳಗಿನ ಚೀಟಿ ಓದ್ರಿ ಅಂದ ಶರಣು. ಮಧುಮತಿ ಕನ್ನಡ ಅಕ್ಷರದಾಗ ಬರದಿದ್ಲು. ಓದಿದೆ. ದಿನಾ ಕೆಂಪು ಕೆಂಪು ಅಂತ ಆ ಹುಡುಗಿ ಕಣ್ಣೀರ ಹಾಕೂದು ನನ್ನ ಕಣ್ಣಿಗೆ ಬಿದ್ದಿತ್ತು."

"ಎಷ್ಟ ಮಂದಿಗೆ ಓದಿ ಹೇಳಿದಿ?"

"ಇಬ್ಬರಿಗೆ."

ಶರಣಬಸವನ ಕೊರಳಪಟ್ಟಿ ಬಿಟ್ಟೆ.

"ಎರಡನೇದವ?"

"ಮುಂದಿನ ಸೋಮವಾರ ಬಂದಿದ್ದ. ಇಲ್ಲೇ, ಈ ಬಾಗಲಕ್ಕ. ಶರಣು ಅರ್ಧ ಮಾಡ್ಯಾನ, ಉಳದದ್ದು ನಾ ಮಾಡ್ತೇನಿ, ಹುಡುಗಿಗೆ ಹೇಳಬ್ಯಾಡ್ರಿ ಪಾಪ ಅಂದ. ಓದಿ ಹೇಳಿದೆ."

"ಅವನ ಹೆಸರ?"

"ಹೇಳಂಗಿಲ್ಲ."

"ಏನಂದಿ?"

"ಇಂದೂರಿನ ಹೊಲದಾಗ ನಾ ಬಿದ್ದಾಗ ನೀವು ಹುಬ್ಬಳ್ಳ್ಯಾಗಿದ್ರಿ," ಎಂದಳು. ದನಿ ಏರಲಿಲ್ಲ. "ಫೋನ್ ದಾರಿ ತೋರಿಸ್ತು, ಖರೆ. ಫೋನಿಗೆ ಹೆಗಲು ಇರ್ತೈತೇನ್ರಿ? ಬದುವು ದಾಟಿ, ಹಳ್ಳ ದಾಟಿ, ರಸ್ತಾದ ತನಕ ನನ್ನ ಹೊತ್ಕೊಂಡು ಓಡಿದವ ಒಬ್ಬ ಇದ್ದ. ನಿಮ್ಮ ಮನಿಯವರಿಗೂ ಹೇಳಬ್ಯಾಡ, ಇದು ದೊಡ್ಡ ಕೆಲಸ ಅಲ್ಲ ಅಂದ. ಅದಕ್ಕ ಯಾರೋ ದಾರಿಹೋಕ ಅಂತ ನಿಮಗ ಹೇಳಿದ್ದೆ. ಅಂವ ಕೇಳಿದಾಗ ಇಲ್ಲ ಅನ್ನಾಕ ನನ್ನ ಕಡೆ ಬಾಯಿ ಇರಲಿಲ್ಲ. ಈಗ ಅವನ ಹೆಸರು ಹೇಳಾಕೂ ಇಲ್ಲ."

"ಅಂವ ಲೋಕೇಶನ್ನ ಕೊಲ್ಲಾಕ ಹೊಂಟಿದ್ದ!"

"ಇರಬಹುದು. ನನ್ನ ಉಳಿಸ್ಯಾನ."

"ನಾಳೆ ಹತ್ತಕ್ಕ ಈ ಹುಡುಗಿ ಮಾಡದ ತಪ್ಪು ತನ್ನ ತಲಿಮ್ಯಾಲ ತಗೊಂಡು ಎಲ್ಲಾ ಮುಚ್ಚತಾಳ. ನಿನ್ನ ಉಳಿಸಿದಾಕೀನೂ ಇಕೀನ ಅಲ್ಲೇನ?"

ಸತ್ತೆವ್ವ ಮಧುಮತಿಯ ಕಡೆ ನೋಡಿದಳು. ಆ ನೋಟ ಇನ್ನೊಂದು ಗಳಿಗೆ ನಿಂತಿದ್ದರೆ ಹೆಸರು ಹೊರಗೆ ಬರುತ್ತಿತ್ತು. ಅವಳ ತುಟಿ ಅಲುಗಿದ್ದನ್ನು ನಾನು ಕಂಡೆ.

"ಕಾಕು," ಎಂದಳು ಮಧುಮತಿ ಮೆಲ್ಲಗೆ, "ನಿಮ್ಮ ಮನಸ್ಸಿಗೆ ಬ್ಯಾಡಾದ್ರ ಹೇಳಬ್ಯಾಡ್ರಿ. ನೀವು ಹಚ್ಚಿದ ದೀಪ ನಾ ಮರಿಯಂಗಿಲ್ಲ."

ಸುಮ್ಮನಿರಬೇಕಾದದ್ದು ನಾನು. ಸುಮ್ಮನಿರಲಿಲ್ಲ.

"ಹೇಳದಿದ್ರ ನನ್ನ ಹೊಸ್ತಿಲ ತುಳಿಬ್ಯಾಡ!" ಎಂದು ಕೂಗಿದೆ.

ಸತ್ತೆವ್ವ ರೊಟ್ಟಿ ಗಂಟನ್ನು ಮೇಜಿನ ಮೇಲಿಟ್ಟಳು. "ಉಣ್ರಿ, ಆರತಾವು," ಎಂದಳು. ಮಧುಮತಿಯ ಗಲ್ಲ ಮುಟ್ಟಿ ತನ್ನ ಬೆರಳಿಗೆ ಮುತ್ತಿಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಮೆಟ್ಟಿಲಿಳಿದಳು.

"ಹೋಗಿ ಕರ್ಕೊಂಡು ಬರ್ರಿ ಕಾಕಾ," ಎಂದ ಶರಣಬಸವ.

"ಎಲ್ಲಿಗೆ ಹೋಗ್ತಾಳ? ಬರ್ತಾಳ," ಎಂದೆ.

ಸಂಜೆ ಮನೆಗೆ ಹೋದರೆ ಬೀಗ ಹಾಗೇ ಇತ್ತು. ಇಂದೂರಿನ ತವರಿಗೆ ಫೋನ್ ಹಚ್ಚಿದೆ, ಬಂದಿಲ್ಲ ಎಂದರು. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ನನ್ನ ಹಳೆಯ ಗೆಳೆಯ. ಹಳಿಯಾಳ, ಜೋಯಿಡಾ, ಮುಂಡಗೋಡ, ಯಾವ ಬಸ್ಸಿಗೂ ಅವಳು ಹತ್ತಿದ್ದನ್ನು ಅವನು ಕಂಡಿರಲಿಲ್ಲ.

ಮರುದಿನ ಹತ್ತಕ್ಕೆ ಟ್ರಸ್ಟಿನ ಕೋಣೆಯಲ್ಲಿ ಉದ್ದ ಮೇಜಿನ ಆಚೆ ಏಳು ಮಂದಿ ಕೂತಿದ್ದರು. ಒಬ್ಬೊಬ್ಬರ ಹೆಗಲನ್ನೂ ನೋಡಿದೆ. ಶನಿವಾರ ಪತ್ರ ಕೇಳಿದ ಆ ಏಳರಲ್ಲಿ ಒಂದು ಹೆಗಲು ನನ್ನ ಹೆಂಡತಿಯನ್ನು ಹೊತ್ತಿದೆ. ಅವನ ಕಾಲಿಗೆ ನಾನು ಬೀಳಬೇಕು. ಎದ್ದ ಮೇಲೆ ಅವನ ಕೊರಳಪಟ್ಟಿ ಹಿಡಿಯಬೇಕು.

ಮಧುಮತಿ ತಪ್ಪು ತನ್ನದೇ ಎಂದು ಬರೆದ ಕಾಗದ ಹಿಡಿದು ಎದ್ದು ನಿಂತಳು. ನಾನು ಬಾಗಿಲ ಕಡೆ ನೋಡಿದೆ.

ಸತ್ತೆವ್ವ ಬರಲಿಲ್ಲ.